ಜಾರುಬಾಗಿಲಿಗೆ ನಾನು ಬೀಗ ಜಡಿದದ್ದು

ನಾಲ್ಕು ಸ್ಕ್ರೂ, ಒಂದು ಕೊಕ್ಕೆ, ತಿರುಗಿಸಲು ಒಂದು ಗುಬುಟು. ಇಷ್ಟಕ್ಕೆ ಬಡಗಿಯನ್ನು ಕರೆಯುವುದೇ! ‘ಈ ಮನೆಯಲ್ಲಿ ನಾನಿರುವವರೆಗೆ ಬೇರೆಯವರ ಕೈಗೆ ಸ್ಕ್ರೂಡ್ರೈವರ್ ಹೋಗಕೂಡದು’ ಎಂದು ಶನಿವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಹಿಡಿದುಕೊಂಡೇ ಘೋಷಿಸಿದೆ.

ವಿಷಯ ಇಷ್ಟೇ. ನನ್ನ ಹೆಂಡತಿ ಹದಿನೆಂಟು ವರ್ಷದಿಂದ ಗಣಿತದ ಟೀಚರ್. ಸೋಮವಾರ ಹನ್ನೊಂದು ಗಂಟೆಗೆ ಮುಖ್ಯೋಪಾಧ್ಯಾಯಿನಿ ಹುದ್ದೆಗೆ ಲ್ಯಾಪ್‌ಟಾಪಿನಲ್ಲೇ ಸಂದರ್ಶನ. ಎರಡು ಸಲ ಕೈತಪ್ಪಿದ ಹುದ್ದೆ. ಈ ಸಲವೂ ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತದೆ. ಅವಳು ಕೂರುವ ಚಿಕ್ಕ ಕೋಣೆಗಿರುವುದು ಪಕ್ಕಕ್ಕೆ ಜಾರುವ ಬಾಗಿಲು, ಬೆರಳು ತಾಗಿಸಿದರೆ ತೆರೆದುಕೊಳ್ಳುತ್ತದೆ. ಆ ಒಂದು ಗಂಟೆ ಯಾರೂ ಒಳಗೆ ಬರಬಾರದು, ಒಂದು ಬೀಗ ಹಾಕಿಸಿ ಎಂದಿದ್ದಳು. ನನಗೆ ಅರ್ಥವಾಯಿತು. ನಮ್ಮಮ್ಮ ಕನ್ನಡಕ ಹುಡುಕಿಕೊಂಡು ಯಾವ ಹೊತ್ತಿನಲ್ಲಿ ಯಾವ ಕೋಣೆಗೆ ನುಗ್ಗುತ್ತಾರೋ ಹೇಳಲಾಗದು. ಪಾಪ, ಸೊಸೆಯಾದವಳು ಅತ್ತೆಗೆ ಹೇಗೆ ಹೇಳಿಯಾಳು!

ನಾನೋ, ಒಂದು ಕಡೆ ಕೂರುವ ಆಸಾಮಿಯಲ್ಲ. ಅಳತೆ ತೆಗೆದೆ, ಮತ್ತೆ ತೆಗೆದೆ. ಮೂರನೆಯ ಅಳತೆ ಮೊದಲಿನ ಎರಡಕ್ಕೂ ಹೊಂದದಿದ್ದುದರಿಂದ ಕಣ್ಣಳತೆಯನ್ನೇ ನಂಬಿ ಡ್ರಿಲ್ ಒತ್ತಿದೆ. ಭಾನುವಾರ ಸಂಜೆಗೆ ಬಾಗಿಲು, ಚೌಕಟ್ಟು ಸೇರಿ ಒಂಬತ್ತು ತೂತುಗಳಿದ್ದವು, ಬೇಕಾದದ್ದು ನಾಲ್ಕು. ಉಳಿದ ಐದಕ್ಕೆ ಅಮ್ಮ ಮೇಣ ತುಂಬಿದರು. ಸಂದರ್ಶನದ ಉತ್ತರಗಳನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದ ಹೆಂಡತಿ ಡ್ರಿಲ್ಲಿನ ಸದ್ದಿಗೆ ಮೂರು ಸಲ ತಡವರಿಸಿ, ನಾಲ್ಕನೆಯ ಸಲಕ್ಕೆ ಪುಸ್ತಕ ಎತ್ತಿಕೊಂಡು ತಾರಸಿಗೆ ಹೋದಳು.

ಸೋಮವಾರ, ಕೊಕ್ಕೆ ಸಿಕ್ಕಿಕೊಳ್ಳಬೇಕಾದ ಚೌಕಟ್ಟಿನ ಪಟ್ಟಿಗೆ ಒಂದು ಸ್ಕ್ರೂ ಕಡಿಮೆ ಬಿತ್ತು. ಪೊಟ್ಟಣದಲ್ಲಿ ಬೇರೆಯಾಗಿ ಸುತ್ತಿಟ್ಟಿದ್ದ ಪುಟ್ಟ ಸ್ಕ್ರೂ ಸಿಕ್ಕಿತು. ಜಾಣತನದಿಂದ ಅದನ್ನೇ ಹಾಕಿದೆ. ಹತ್ತು ಮುಕ್ಕಾಲಿಗೆ ಬೀಗ ಸಿದ್ಧ! ಹೆಂಡತಿಯ ಅಪ್ಪಣೆಯಂತೆ ಸಲಕರಣೆಗಳನ್ನೆಲ್ಲ ಹಜಾರಕ್ಕೆ ಸಾಗಿಸಿದೆ. ಅವಳು ಲ್ಯಾಪ್‌ಟಾಪಿನ ಮುಂದೆ ಕೂತಾಗಿತ್ತು. ನನಗೆ ಸುಮ್ಮನಿರಲಾಗಲಿಲ್ಲ. ‘ಒಂದೇ ನಿಮಿಷ, ನೋಡು’ ಎಂದು ಒಳಗೆ ಬಂದು, ಬಾಗಿಲು ಎಳೆದು, ಗುಬುಟು ತಿರುಗಿಸಿದೆ. ಕೊಕ್ಕೆ ಟಕ್ಕೆಂದು ಪಟ್ಟಿಯೊಳಗೆ ಕೂತಿತು. ಆಹಾ! ಹಿಂದಕ್ಕೆ ತಿರುಗಿಸಿದೆ. ಗುಬುಟು ಕೈಗೇ ಬಂತು. ಆ ಪುಟ್ಟ ಸ್ಕ್ರೂ ಇದ್ದದ್ದು ಗುಬುಟಿಗಂತೆ.

ಇಕ್ಕಳ ಹಜಾರದಲ್ಲಿ. ಕಿಟಕಿಗೆ ಕಂಬಿ. ಬೀದಿ ತಿರುವಿನ ಬಡಗಿಯನ್ನು ಕರೆತರುವಂತೆ ಬಾಗಿಲ ಸಂದಿಯಿಂದಲೇ ಅಮ್ಮನನ್ನು ಬೇಡಿಕೊಂಡೆ. ಕನ್ನಡಕ ಸಿಕ್ಕ ಕೂಡಲೇ ಹೊರಡುವುದಾಗಿ ಅಮ್ಮ ಹೇಳಿದರು.

ಲ್ಯಾಪ್‌ಟಾಪ್ ಟಿಣ್ ಎಂದಿತು. ಕ್ಯಾಮೆರಾಗೆ ಇಡೀ ಕೋಣೆ ಕಾಣುತ್ತದೆ. ಹೆಂಡತಿ ಮೇಜಿನ ಕೆಳಕ್ಕೆ ಬೆರಳು ತೋರಿಸಿದಳು.

ಆರಡಿಯ ನಾನು ಮೂರಡಿಯ ಮೇಜಿನ ಕೆಳಗೆ ಮಡಚಿಕೊಂಡೆ. ಹತ್ತು ನಿಮಿಷದಲ್ಲಿ ಎಡಗಾಲು ಜೋಮು ಹಿಡಿಯಿತು, ಬೆನ್ನು ತುರಿಸಿತು, ಮೂಗಿನ ಮೇಲೊಂದು ನೊಣ ಬಂದು ಕೂತಿತು. ಕಾಲು ಚಾಚೋಣವೆಂದರೆ ಅಲ್ಲಿ ವೈರು. ಹೆಬ್ಬೆರಳನ್ನಷ್ಟೇ ಅಲ್ಲಾಡಿಸಿದೆ, ಹೆಂಡತಿ ಅದನ್ನು ತುಳಿದಳು. ಮೇಲೆ ಅವಳ ದನಿ ಗಟ್ಟಿಯಾಗಿಯೇ ಇತ್ತು. ಕೆಳಗೆ ಅವಳ ಬೆರಳುಗಳು ಸೆರಗಿನ ಅಂಚನ್ನು ಸುರುಳಿ ಸುತ್ತಿ ಬಿಚ್ಚುತ್ತಿದ್ದವು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಿಜವಾಗಿ ನಾಚಿಕೆಯಾಯಿತು. ಉಸಿರು ಬಿಗಿಹಿಡಿದು ಕೂತೆ.

ಒಂದು ಕಡೆ ಕೂರದ ಮಕ್ಕಳನ್ನು ಹೇಗೆ ಸಂಭಾಳಿಸುತ್ತೀರಿ ಎಂದು ಯಾರೋ ಕೇಳಿದರು. ಉತ್ತರ ಕೇಳುವ ಕುತೂಹಲಕ್ಕೆ ತಲೆ ಎತ್ತಿದೆ. ಢಣ್! ಮೇಜು ಹಾರಿ ಕೂತಿತು. ಅವಳ ಹುದ್ದೆಯನ್ನು ನನ್ನ ತಲೆಯೇ ಕೆಡವಿತು ಎಂದುಕೊಂಡೆ.

"ಬಯ್ಯೋದಿಲ್ಲ ಸರ್," ಎಂದಳು ಅವಳು ನಿಧಾನವಾಗಿ. "ಹತ್ತಿರ ಕೂರಿಸ್ಕೋತೀನಿ. ಈಗ್ಲೂ ಒಬ್ರು ನನ್ನ ಕಾಲ ಹತ್ರಾನೇ ಕೂತಿದಾರೆ. ಇಪ್ಪತ್ತೈದು ನಿಮಿಷದಲ್ಲಿ ಎರಡೇ ಸಲ ಅಲ್ಲಾಡಿದ್ದು."

ಲ್ಯಾಪ್‌ಟಾಪಿನ ತುಂಬ ನಗು. ತಮಾಷೆ ಎಂದುಕೊಂಡರು ಪುಣ್ಯಾತ್ಮರು! ನಗು ನಿಂತ ಮೇಲೆ ಒಬ್ಬರು, ಕೆಲಸಕ್ಕೆ ಯಾವಾಗ ಸೇರಬಹುದೆಂದು ವಿಚಾರಿಸಿದರು.

ಸಂದರ್ಶನ ಮುಗಿಯುವುದಕ್ಕೂ ಬಡಗಿ ಬರುವುದಕ್ಕೂ ಸರಿಹೋಯಿತು. ನಾನು ಒಳಗಿನಿಂದ ಬೀಗದ ರಚನೆಯನ್ನು ವಿವರಿಸತೊಡಗಿದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಾಗಿಲನ್ನು ಒಂದಂಗುಲ ಮೇಲಕ್ಕೆತ್ತಿ, ಹಳಿಯಿಂದ ಬಿಡಿಸಿ, ನನ್ನ ಬೀಗದ ಸಮೇತ ಗೋಡೆಗೆ ಒರಗಿಸಿದ. ಎರಡು ದಿನದ ಪರಾಕ್ರಮಕ್ಕೆ ಅರ್ಧ ನಿಮಿಷ!

ಆದರೂ ಮೀಸೆ ಮಣ್ಣಾಗಬಾರದಲ್ಲ. ಅಂತೂ ಅಮ್ಮ ಒಳಗೆ ನುಗ್ಗಲಿಲ್ಲವಲ್ಲ ಎಂದೆ. ಅಮ್ಮ ಕನ್ನಡಕ ಏರಿಸಿ ನನ್ನನ್ನೇ ನೋಡಿದರು.

"ಅತ್ತೆ ಯಾವತ್ತು ನುಗ್ಗಿದ್ರು?" ಎಂದಳು ಹೆಂಡತಿ. "ಹೋದ ವಾರ ಚಾರ್ಜರ್‌ಗೆ ಒಂದ್ಸಲ, ಪೇಪರ್‌ಗೆ ಒಂದ್ಸಲ, ತೊಂದ್ರೆ ಆಗ್ತಿಲ್ಲ ತಾನೇ ಅಂತ ಕೇಳೋಕೆ ಐದು ಸಲ ಬಂದಿದ್ದು ಯಾರು?"

ಬಡಗಿ ನನ್ನ ಒಂಬತ್ತು ತೂತುಗಳನ್ನು ಎಣಿಸಿ ಮುಗಿಸಿದ್ದ. ಚಿಲಕ ಒಳಗಡೆ ಹಾಕಲೋ ಹೊರಗಡೆ ಹಾಕಲೋ ಎಂದು ಅವಳನ್ನೇ ಕೇಳಿದ.

"ಎರಡೂ ಕಡೆ ಹಾಕಿಬಿಡಿ," ಎಂದಳು. "ಇವ್ರು ಯಾವ ಹೊತ್ತಲ್ಲಿ ಯಾವ ಕಡೆ ಇರ್ತಾರೋ ಹೇಳಕ್ಕಾಗಲ್ಲ."