ಕೊಂದವರ ಹೆಸರು ಮಾತ್ರ ಕೇಳಬೇಡಿ

ಹದಿನಾರು ದೇಶ ತಿರುಗಿದ್ದೇನೆ, ಯಾವ ವಿಮಾನ ನಿಲ್ದಾಣದಲ್ಲೂ ನನ್ನ ಚೀಲ ಬಿಚ್ಚಿಸಿದವರಿಲ್ಲ. ಬೀದರಿನಲ್ಲಿ ಕೂತು ಪತ್ತೇದಾರಿ ಕಾದಂಬರಿ ಬರೆಯತೊಡಗಿದ ಮೇಲೆ ತರಕಾರಿ ತರಲು ಹೋದರೂ ತಪಾಸಣೆ. "ಬಾಯಿ, ಈ ಸಲ ಯಾರನ್ನ ಮುಗಿಸಿದ್ರಿ?" ಎಂದು ಯಾರಾದರೊಬ್ಬರು ಕೇಳದ ದಿನವಿಲ್ಲ. ಇಲ್ಲಿ ಹೆಂಗಸರೆಲ್ಲ 'ಬಾಯಿ'ಯೇ.

ಹೇಳುವ ಹಾಗಿರಲಿಲ್ಲ. ನನ್ನ ಮೊದಲೆರಡು ಪುಸ್ತಕಗಳ ಕೊಲೆಗಾರರು ಪುಸ್ತಕಕ್ಕಿಂತ ಮೊದಲೇ ಊರು ಸುತ್ತಿ ಬಂದಿದ್ದರು. ಅವರಲ್ಲಿ ಒಬ್ಬನನ್ನು ಬಿಟ್ಟುಕೊಟ್ಟವಳು ನಾನೇ, ಒಂದು ಮದುವೆ ಊಟದಲ್ಲಿ. ಮೂರನೆಯದರ ಹೊತ್ತಿಗೆ ಪ್ರಕಾಶಕರು ಖಡಾಖಡಿ ಹೇಳಿದರು: "ಈ ಸಲ ಕೊಂದವರು ಯಾರಂತ ಮೊದಲೇ ಹೊರಗ ಬಿತ್ತಂದ್ರ, ನಾಕನೇದು ನೀವೇ ಬರೀರಿ, ನೀವೇ ಓದ್ರಿ."

೧. ಹೆಣ ಎಷ್ಟು ದಿನ?

ಕಾದಂಬರಿಯಲ್ಲಿ ಭಾಲ್ಕಿಯ ಒಬ್ಬ ಕಾಳಿನ ವ್ಯಾಪಾರಿಯ ಹೆಣ ತೊಗರಿ ಚೀಲಗಳ ರಾಶಿಯ ಕೆಳಗೆ ಸಿಗಬೇಕಿತ್ತು. ಇದು ಆಗುವ ಮಾತೇ ಎಂದು ನೋಡಲು ರೈತರ ಕಾಳು ಮಾರಿಕೊಡುವ ಭಾಲ್ಕಿಯ ಒಂದು ಅಡತಿ ಅಂಗಡಿಗೇ ಹೋದೆ. ವಿಷಯ ಕೇಳಿ ಗಾದಿಯ ಮೇಲಿದ್ದ ಸಾವಕಾರರು ಗಾಬರಿಯಾಗುತ್ತಾರೆ ಅಂದುಕೊಂಡರೆ, ಅವರು ಕನ್ನಡಕ ಏರಿಸಿಕೊಂಡು ವ್ಯವಹಾರಕ್ಕೇ ಇಳಿದರು.

"ಹೆಣ ಎಷ್ಟು ದಿನ ಇಡವ್ರು?"

"ನಾಕು ದಿನರಿ."

"ಆಗೂದಿಲ್ಲ ಬಾಯಿ. ನಮ್ಮಲ್ಲಿ ಮಾಲು ಎರಡು ದಿನದ ಮ್ಯಾಲ ನಿಲ್ಲೂದಿಲ್ಲ."

"ಹಂಗಾದ್ರ ಎರಡೇ ದಿನ ಮಾಡ್ತೇನಿ."

"ಹೆಣ ಇರ್ಲಿ ಬಿಡ್ರಿ, ತೊಗರಿಗೆ ವಾಸನಿ ಹಿಡೀತಂದ್ರ ದಾಲ್ ಮಿಲ್‌ನವ್ರು ಮಾಲು ವಾಪಸ್ ಹಾಕ್ತಾರ. ಅದಕ್ಕ ಯಾರು ಜವಾಬ್ದಾರಿ?"

ಅಷ್ಟರಲ್ಲಿ ಹಿರಿಯ ಹಮಾಲರೊಬ್ಬರು ಹೆಗಲ ಟವೆಲ್ ಕೊಡವುತ್ತ ಬಂದರು. "ಕೊಂದವ ಹಮಾಲ ಅಂತ ಬರದೀರೇನು?"

"ಅದನ್ನ ಹೇಳೂದಿಲ್ಲರಿ."

"ಹೇಳಬ್ಯಾಡ್ರಿ, ನನಗ ಗೊತ್ತದ. ಹಮಾಲ ಅಲ್ಲ," ಎಂದರು ಹೆಮ್ಮೆಯಿಂದ. "ಹಮಾಲ ಚೀಲ ಜೋಡಿಸಿದ್ನಂದ್ರ ಹೆಣ ಸಿಗ್ತಿದ್ದೇ ಇಲ್ಲ."

೨. ಅಮ್ಮಿಯ ಡಬ್ಬಿ

ನಾನು ಕೈಯಲ್ಲೇ ಬರೆಯುವವಳು. ಬೀದರಿನ ಡಿಟಿಪಿ ಅಂಗಡಿಯ ಭಾಯಿಯೊಬ್ಬರು ಟೈಪ್ ಮಾಡಿಕೊಡುತ್ತಾರೆ. ಅಂಗಡಿಯಲ್ಲಿ ಕನ್ನಡ, ಮನೆಯಲ್ಲಿ ಉರ್ದು. ಇವರು ದಿನಾ ಸಂಜೆ ಅವತ್ತಿನ ಅಧ್ಯಾಯವನ್ನು ತಾಯಿಗೆ ಉರ್ದುವಿನಲ್ಲಿ ಹೇಳುತ್ತಾರೆ, ತಾಯಿ ಅದನ್ನು ಇಡೀ ಗಲ್ಲಿಗೆ ಹೇಳುತ್ತಾರೆ ಎಂಬುದು ಆಮೇಲೆ ತಿಳಿಯಿತು. ಕೊನೆಯ ಅಧ್ಯಾಯವನ್ನು ಕೊಡಲೇ ಇಲ್ಲ. ಒಂದೇ ಬೆರಳಲ್ಲಿ ನಾನೇ ಕುಟ್ಟಿದೆ.

ಭಾಯಿ ಮನೆಗೇ ಬಂದರು. "ಆಪಾ, ಆಖರಿ ಅಧ್ಯಾಯ ಕೊಡ್ರಿ. ಎರಡು ದಿನ ಆತು, ಅಮ್ಮಿ ನನ್ನ ಸಂಗಟ ಮಾತಾಡವಲ್ಲರು."

"ಪುಸ್ತಕ ಬಂದ ಮ್ಯಾಲ ಓದಿ ಹೇಳ್ರಿ."

ಮರುದಿನ ಮಧ್ಯಾಹ್ನ ಅವರ ಕೈಯಲ್ಲೇ ಒಂದು ಡಬ್ಬಿ ಬಂತು. ತೆಗೆದರೆ ಬಿರಿಯಾನಿ. "ಅಮ್ಮಿ ಕಳಿಸ್ಯಾರ. ಕಥಿ ಬ್ಯಾಡಂತ, ಹೆಸರು ಅಷ್ಟ ಸಾಕಂತ."

ಬಿರಿಯಾನಿ ತಿಂದೆ, ಹೆಸರು ಕೊಡಲಿಲ್ಲ. ಖಾಲಿ ಡಬ್ಬಿ ಒಯ್ಯಲು ಬಂದ ಭಾಯಿ ನೆಲ ನೋಡುತ್ತ ತಾಯಿಯ ತೀರ್ಪು ತಿಳಿಸಿದರು: "ಆಪಾ, ತಪ್ಪು ತಿಳೀಬ್ಯಾಡ್ರಿ. ಇಷ್ಟು ಕಲ್ಲುಮನಸಿನವರು ಅಂದ್ರ, ಕಥಿಯೊಳಗಿನ ಆ ವ್ಯಾಪಾರಿನ್ನ ಇವರೇ ಕೊಂದಿರಬೇಕು ಅಂದ್ರು ಅಮ್ಮಿ."

೩. ಪುಸ್ತಕ ಪರಿಚಯ

ಬಿಡುಗಡೆ ಔರಾದಿನಲ್ಲಿ. ನಮ್ಮ ಬಿಡುಗಡೆಗಳಲ್ಲಿ 'ಪುಸ್ತಕ ಪರಿಚಯ' ಎಂಬ ಶಾಸ್ತ್ರವಿದೆ. ಒಬ್ಬರು ಎದ್ದು ನಿಂತು ಮೊದಲ ಪುಟದಿಂದ ಕೊನೆಯ ಪುಟದ ತನಕ ಎಲ್ಲ ಹೇಳಿ, "ತಾವೆಲ್ಲ ಕೊಂಡು ಓದಬೇಕು" ಎಂದು ಕೂರುವುದು. ಕವನ ಸಂಕಲನಕ್ಕೆ ಇದರಿಂದ ಹಾನಿಯಿಲ್ಲ, ಹೇಗೂ ಯಾರೂ ಓದುವುದಿಲ್ಲ. ಪತ್ತೇದಾರಿ ಕಾದಂಬರಿಗೆ ಇದು ಎರಡನೇ ಕೊಲೆ.

ಪರಿಚಯಿಸುವವರು ಎಕಂಬಾದ ನಿವೃತ್ತ ಮಾಸ್ತರರು. ವೇದಿಕೆಯ ಮೆಟ್ಟಿಲ ಬಳಿಯೇ ಅಡ್ಡಗಟ್ಟಿದೆ. "ಸರ್, ಕೊಂದವರ ಹೆಸರು ಮಾತ್ರ..."

"ಚಿಂತಿ ಬಿಡ್ರಿ ಬಾಯಿ. ನೌಕರಿ ಇರೂತನಕ ಪ್ರಶ್ನೆಪತ್ರಿಕಿ ಸೋರದಂಗ ಕಾದವನು ನಾ."

ಮೈಕಿನ ಮುಂದೆ ನಿಂತು ಎದೆ ಮುಟ್ಟಿಕೊಂಡರು. "ಲೇಖಕಿಗೆ ಮಾತು ಕೊಟ್ಟೀನಿ, ಕೊಂದವರ ಹೆಸರು ನನ್ನ ಬಾಯಿಂದ ಬರೂದಿಲ್ಲ. ಸಂಶಯ ಇರೂದು ಐದು ಮಂದಿ ಮ್ಯಾಲ: ಹೆಂಡತಿ, ಲೆಕ್ಕ ಬರಿಯೋ ಮುನೀಮ, ಭಾವಮೈದ, ಲಾರಿ ಡ್ರೈವರ್, ಕಂಪೌಂಡರ್. ಒಬ್ಬೊಬ್ಬರನ್ನೇ ತಗೋಳೋಣ. ಹೆಂಡತಿ, ಪಾಪ, ಆಕಿ ಅಲ್ಲ. ಮುನೀಮ ಪುಕ್ಕಲ, ಅವನೂ ಅಲ್ಲ. ಭಾವಮೈದ ಕುಡುಕ ಖರೇ, ಆದ್ರ ಕೈ ನಡುಗ್ತಾವ, ಅವನಲ್ಲ. ಡ್ರೈವರ್ ಅವತ್ತು ಊರಾಗೇ ಇದ್ದಿದ್ದಿಲ್ಲ. ಇನ್ನ ಐದನೆಯವನ ಬಗ್ಗೆ..." ಒಂದು ಗುಟುಕು ನೀರು ಕುಡಿದರು. "ನಾ ತುಟಿ ಬಿಚ್ಚೂದಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಪ್ರಕಾಶಕರು ಹಣೆ ಹಿಡಿದುಕೊಂಡರು. ಉಳಿದಿದ್ದ ಚೂರುಪಾರನ್ನು ವಂದನಾರ್ಪಣೆಯವರು ಮುಗಿಸಿದರು: ಮೈಕಿನವರಿಗೆ, ಶಾಮಿಯಾನದವರಿಗೆ, "ಮತ್ತ ಇಂಥಾ ಖತರ್ನಾಕ್ ಕಂಪೌಂಡರನ್ನ ನಮಗ ಕೊಟ್ಟ ಲೇಖಕಿಗೆ" ಕೃತಜ್ಞತೆಗಳು.

ಕೆಳಗಿಳಿದು ಬಂದರೆ ಪ್ರಕಾಶಕರು ಮಾರಾಟದ ಮೇಜಿನ ಮೇಲಿನ ಪುಸ್ತಕದ ಕಟ್ಟುಗಳಿಗೆ ಮತ್ತೆ ದಾರ ಸುತ್ತುತ್ತಿದ್ದರು. ನನ್ನ ನಾಲ್ಕನೇ ಕಾದಂಬರಿ ಆ ದಾರದಲ್ಲೇ ಉರುಳು ಹಾಕಿಕೊಂಡಂತೆ ಕಂಡಿತು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ಮೇಜಿನ ಹತ್ತಿರ ಬಂದು ದಬಾಯಿಸಿದಳು.

"ಅಕ್ಕೋರೆ, ಕಂಪೌಂಡರ್ ಕೊಂದ, ಅದು ತಿಳೀತು. ಒಂದು ತಾಸು ಕುಂತೀವಿ, ಸತ್ತವರು ಯಾರಂತ ಒಬ್ಬರೂ ಹೇಳ್ಲಿಲ್ಲಲ್ರಿ?"

ಅವಳ ಹಿಂದೆ ನಾಲ್ಕೈದು ತಲೆಗಳು ಹೌದು ಹೌದೆಂದವು. ನಾನು ಬಾಯಿ ತೆರೆದೆ. ಪ್ರಕಾಶಕರು ಮೇಜಿನ ಕೆಳಗೆ ನನ್ನ ಕಾಲು ಗಟ್ಟಿಯಾಗಿ ತುಳಿದು, ದಾರ ಬಿಚ್ಚುತ್ತ ಹೇಳಿದರು:

"ಅದನ್ನ ಮಾತ್ರ ಹೇಳಂಗಿಲ್ರಿ!"