ಗಾಳೀರಾಯನ ಬೀಗರೂಟ

ಅಮೆರಿಕದಲ್ಲಿ ಕೂತು ಕಾಮಿಕ್ಸ್ ಬರೆಯುವ ಮಹಾಶಯರಿಗೆ ಒಂದು ವಿಷಯ ಗೊತ್ತಿರಲಾರದು. ಅವರ ಸೂಪರ್‌ಹೀರೋ ಒಬ್ಬನ ಮದುವೆಗೆ ಬೀಗರೂಟ ಹಾಕಿಸಿದ್ದು ಮದ್ದೂರಿನಲ್ಲಿ, ನಮ್ಮ ಅಕ್ಕ! ಒಂದು ಟಗರು, ನಲವತ್ತು ಎಲೆ. ಉಂಡವರಲ್ಲಿ, ನಮ್ಮ ಯಜಮಾನರನ್ನು ಬಿಟ್ಟರೆ, ಮದುವೆ ಯಾರದೆಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಅಕ್ಕ, ಇನ್ನೊಬ್ಬಳು ಅದನ್ನು ಓದಿ ಹೇಳಿದ ಪಾಪಿ, ನಾನು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನೋ ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಫೋರ್ಕು ಸ್ಪೂನು ಹಿಡಿಯುವ ಮ್ಯಾನರ್ಸ್ ಎಲ್ಲ ಕಲಿತು, ಮುದ್ದೆ ಮುರಿದು ನುಂಗುವುದನ್ನು ಮಾತ್ರ ಮರೆತು ಬಂದ ಸೊಸೆ. ಬಂದ ಮೂರನೆಯ ದಿನ ನನ್ನ ಸೀರೆಗಳನ್ನು ಬೀರುವಿಗೆ ಜೋಡಿಸಿಕೊಡುತ್ತೇನೆಂದು ಅಕ್ಕ ನನ್ನ ಟ್ರಂಕು ತೆರೆದಳು. ಲಂಗಗಳ ಅಡಿಯಲ್ಲಿ, ಸಿಸ್ಟರುಗಳ ಕಣ್ಣು ತಪ್ಪಿಸಿ ಕೂಡಿಟ್ಟ ಇಪ್ಪತ್ತೆಂಟು ಕಾಮಿಕ್ಸುಗಳಿದ್ದವು. ಮದುವೆಯಾದ ಹೆಣ್ಣಿನ ಟ್ರಂಕಿನಲ್ಲಿ ಇರಬೇಕಾದ ವಸ್ತುವೇ ಅದು?

ಅಕ್ಕ ಮೇಲಿನದನ್ನು ಎತ್ತಿಕೊಂಡು ರಕ್ಷಾಪುಟವನ್ನೇ ನೋಡುತ್ತ ನಿಂತಳು. ಬಯ್ಯುತ್ತಾಳೆಂದು ನಾನು ಕಾದೆ. ಅವಳು ಕೇಳಿದ್ದೇ ಬೇರೆ.

“ಇವ್ರಿಬ್ರೂ ಯಾಕಮ್ಮಿ ಹಿಂಗೆ ಬೆನ್ನು ತಿರಿಕ್ಕಂಡು ನಿಂತವ್ರೆ?”

ವಿವರಿಸಿದೆ. ಹುಡುಗ ಗಾಳಿಯ ಮೇಲೆ ಸವಾರಿ ಮಾಡುತ್ತಾನೆ, ಹಗಲು ಹೊತ್ತಿನಲ್ಲಿ ಒಂದು ಅಂಗಡಿಯಲ್ಲಿ ಗಡಿಯಾರ ರಿಪೇರಿ. ಹುಡುಗಿಯ ಅಂಗೈಯಿಂದ ಮಿಂಚು ಹೊರಡುತ್ತದೆ, ಹಗಲು ಹೊತ್ತಿನಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಇಬ್ಬರೂ ಸೇರಿ ಊರು ಕಾಯುತ್ತಾರೆ. ಇಬ್ಬರಿಗೂ ಪರಸ್ಪರ ಲವ್. ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಅವರ ಇಂಗ್ಲಿಷ್ ಹೆಸರುಗಳು ಅಕ್ಕನ ನಾಲಿಗೆಗೆ ಒಗ್ಗಲಿಲ್ಲ. ಮಾರನೆಯ ದಿನಕ್ಕೆ ಅವರು ಗಾಳೀರಾಯ, ಮಿಂಚಮ್ಮ ಆಗಿದ್ದರು. ಆಮೇಲೆ ನನಗೂ ಅವರ ಬೇರೆ ಹೆಸರು ಬಾಯಿಗೆ ಬರಲೇ ಇಲ್ಲ, ನನ್ನ ಕಾನ್ವೆಂಟ್ ಇಂಗ್ಲಿಷಿನ ಗತಿ ಅಷ್ಟೇ ಎನ್ನಿ.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯಲ್ಲಿ ನಮ್ಮ ಕ್ಲಾಸು. ಅಕ್ಕ ಮೊರದಲ್ಲಿ ರಾಗಿ ಹಸನು ಮಾಡುತ್ತ ಕೂರುವಳು, ನಾನು ಒಂದೊಂದು ಚೌಕವನ್ನೂ ಕನ್ನಡದಲ್ಲಿ ಹೇಳುವೆನು. ವಿಲನ್ನು, ಬಾಂಬು, ಕುಸಿಯುವ ಕಟ್ಟಡ ಇವು ಯಾವುವೂ ಅವಳಿಗೆ ಬೇಡ. ಬಡಿದಾಟ ಬಂದರೆ ಆ ಹಾಳೆ ಮಗುಚು ಎನ್ನುವಳು. ಊರೊಂದು ಮುಳುಗಿಹೋಗುತ್ತಿದ್ದರೂ ಅವಳ ಕಾಳಜಿ ಒಂದೇ, ಈ ಗಾಳೀರಾಯ ಆ ಹುಡುಗಿಯನ್ನು ಕೇಳಿದನೋ ಇಲ್ಲವೋ. ಓದಿ ಮುಗಿದ ಪುಸ್ತಕ ನನಗೆ ವಾಪಸು ಬರುತ್ತಿರಲಿಲ್ಲ. ಅದು ಅವಳ ಮರದ ಪೆಟ್ಟಿಗೆ ಸೇರಿ ಬೀಗ ಬೀಳುತ್ತಿತ್ತು.

ಇಪ್ಪತ್ತೆಂಟು ಮುಗಿದ ಮೇಲೆ ಏನು ಗತಿ? ಮಂಡ್ಯದಲ್ಲಿ ಹಳೇ ಪುಸ್ತಕ ಮಾರುವ ಸಾಬರೊಬ್ಬರಿದ್ದರು. ತಿಂಗಳಿಗೊಮ್ಮೆ ನಾನೂ ಅಕ್ಕನೂ ಬಳೆ ಕೊಳ್ಳುವ ನೆಪದಲ್ಲಿ ರೈಲು ಹತ್ತಿ ಹೋಗುವೆವು. ಅಕ್ಕನನ್ನು ಕಂಡರೆ ಸಾಬರು ತಾವಾಗಿ, ನಿಮ್ಮ ಹುಡುಗ ಬಂದಿದ್ದಾನೆ ಎನ್ನುವರು. ಒಮ್ಮೆ ವಾಪಸು ಬರುವಾಗ ಗಾಳೀರಾಯ ಗುಂಡೇಟು ತಿಂದು ಮಿಂಚಮ್ಮನ ತೊಡೆಯ ಮೇಲೆ ಮಲಗಿದ್ದ ಚಿತ್ರದಲ್ಲಿ ಅಕ್ಕ ಎಷ್ಟು ಮುಳುಗಿದ್ದಳೆಂದರೆ, ರೈಲು ನಿಂತ ತಕ್ಷಣ ಮದ್ದೂರೆಂದು ಹನಕೆರೆಯಲ್ಲೇ ಇಳಿದುಬಿಟ್ಟಳು. ಹಿಂದೆಯೇ ನಾನು. ಮುಂದಿನ ರೈಲಿಗೆ ಎರಡೂವರೆ ಗಂಟೆ! ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು, ಹುಡುಗ ಬದುಕಿದನೋ ಇಲ್ಲವೋ ಓದು ಎಂದಳು. ಬದುಕಿದ್ದ. ಅಕ್ಕ ಕಣ್ಣೊರೆಸಿಕೊಂಡು, ಹಂಗಾದರೆ ತಡವಾದರೂ ಪರವಾಗಿಲ್ಲ ಎಂದಳು.

ವರ್ಷಗಳು ಹೋದವು. ಅಕ್ಕನಿಗೆ ಸಿಟ್ಟು ಬರತೊಡಗಿತು.

“ಆ ಬೆಳ್ಳೂರು ಕೊಕ್ರೆಗಳೇ ವರ್ಸಾ ವರ್ಸಾ ಬಂದು ಜೋಡಿಯಾಗಿ ಗೂಡು ಕಟ್ತವೆ. ಇವ್ಕೇನಮ್ಮಿ ದೊಡ್ರೋಗ? ನಮ್ಗೆ ತಲೆ ನೆರೀತು, ಇವ್ರು ಇನ್ನೂ ಹಂಗೇ ನಿಂತವ್ರೆ.”

ಈ ಮಾತನ್ನು ಅಕ್ಕ ಆಡಿದಾಗ ನಾನು ನಗಲಿಲ್ಲ. ಕಾರಣ ಹೇಳಬೇಕು.

ಮನೆ ಪಾಲಾದಾಗ ನಮಗೆ ಮದ್ದೂರಿನ ಮನೆ ಬಂತು, ಭಾವನವರಿಗೆ, ಅಂದರೆ ಅಕ್ಕನ ಗಂಡನಿಗೆ, ಮಳವಳ್ಳಿ ಕಡೆಯ ಜಮೀನು. ಹೊರಡು ಎಂದರು ಭಾವ ಅಕ್ಕನಿಗೆ. ಅತ್ತೆ ಆಗಷ್ಟೇ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಇವರದೊಂದು ಮುಗಿಯಲಿ, ಬರುತ್ತೇನೆ ಎಂದಳು ಅಕ್ಕ. ನಾಲ್ಕು ಜನರ ಎದುರಿಗೆ ಭಾವ, ಈಗ ಬಂದರೆ ಬಂದೆ, ಇನ್ನೊಂದು ಸಲ ನಾನು ಕರೆಯುವವನಲ್ಲ ಎಂದುಬಿಟ್ಟರು. ಕರೆಯದೆ ನಾನು ಬರುವವಳಲ್ಲ ಎಂದಳು ಇವಳು. ಅತ್ತೆ ಮತ್ತೆ ಒಂಬತ್ತು ವರ್ಷ ಬದುಕಿದರು. ಅವರು ಹೋದ ಮೇಲೂ ಭಾವ ಕರೆಯಲಿಲ್ಲ, ಅಕ್ಕ ಹೋಗಲಿಲ್ಲ. ಮಧ್ಯೆ ನಿಂತು ಎಳೆದು ತರಲು ಅವರಿಗೆ ಮಕ್ಕಳೂ ಇರಲಿಲ್ಲ.

ಹಬ್ಬಕ್ಕೆ, ಹಿರಿಯರ ಪೂಜೆಗೆ ಭಾವ ಬರುತ್ತಿದ್ದರು. ಇಬ್ಬರೂ ಒಂದೇ ನಡುಮನೆಯಲ್ಲಿ ಕೂರುವರು, ಮಾತು ಮಾತ್ರ ನನ್ನ ಮೂಲಕ. ನೀರು ಕೊಡಲು ಹೇಳವ್ವ ಅವಳಿಗೆ. ಚೊಂಬು ಅಲ್ಲೇ ಇದೆ ಎಂದು ಹೇಳು ಅವರಿಗೆ. ಹೀಗೆ! ಮಧ್ಯಾಹ್ನ ಇಂಗ್ಲಿಷಿನಿಂದ ಕನ್ನಡಕ್ಕೆ, ಸಂಜೆ ಕನ್ನಡದಿಂದ ಕನ್ನಡಕ್ಕೆ ನನ್ನ ಟ್ರಾನ್ಸ್‌ಲೇಷನ್ ಡ್ಯೂಟಿ. ಎರಡನೆಯದೇ ಕಷ್ಟದ್ದು. ಭಾವನ ಮಾತು ಒರಟು, ಹಾಗೆಯೇ ದಾಟಿಸಿದರೆ ಮನೆ ಉರಿಯುತ್ತದೆ. ಆದ್ದರಿಂದ ಸ್ವಲ್ಪ ಬೆಣ್ಣೆ ಸವರುತ್ತಿದ್ದೆ.

ಅಂತೂ ಒಂದು ದಿನ ಸಾಬರ ಅಂಗಡಿಯಲ್ಲಿ ಆ ಪುಸ್ತಕ ಸಿಕ್ಕಿತು. ರಕ್ಷಾಪುಟದಲ್ಲಿ ಗಾಳೀರಾಯ ಕೋಟು ಹಾಕಿದ್ದ, ಮಿಂಚಮ್ಮ ಬಿಳಿ ಗೌನಿನಲ್ಲಿದ್ದಳು. ಬಿಳಿ ಯಾಕೆ ಉಟ್ಟಿದ್ದಾಳೆಂದು ಅಕ್ಕನಿಗೆ ಸಂಕಟವಾಯಿತು. ತಾಳಿ ಎಲ್ಲಿ ಎಂದಳು. ಉಂಗುರವೇ ಅವರ ತಾಳಿ, ಬೆರಳು ನೋಡಿ ಎಂದು ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಶುರುವಾಯಿತು ಹಟ. ಮದುವೆಯಾದ ಮೇಲೆ ಬೀಗರೂಟ ಹಾಕದೆ ಇರುವುದು ಎಲ್ಲಿಯಾದರೂ ಉಂಟೇ? ಗಂಡಿನ ಕಡೆಗೆ ತಾನು, ಇಂಗ್ಲಿಷ್ ಬಲ್ಲ ನಾನು ಹೆಣ್ಣಿನ ಕಡೆ. ನಮ್ಮ ಯಜಮಾನರು ಪೇಪರಿನ ಹಿಂದೆ ಅವಿತುಕೊಂಡು, ಸಿಸ್ಟರುಗಳು ನಿನಗೆ ಕಲಿಸಿದ ವಿದ್ಯೆ ಇದೇನಾ ಎಂದರು. ಟಗರಿನ ವ್ಯವಸ್ಥೆ ಮಾತ್ರ ಅವರೇ ಮಾಡಿದರು.

ಬೀದಿಯವರೆಲ್ಲ ಬಂದರು. ಯಾರ ಮದುವೆ ಎಂದರೆ ಅಕ್ಕ, ನಮ್ಮ ಕಡೆಯ ಹುಡುಗ, ಫಾರಿನ್ನಲ್ಲಿ ಆಯ್ತು ಎನ್ನುವಳು. ಸುಳ್ಳೇನಲ್ಲವಲ್ಲ! ಭಾವನವರೂ ಬಂದು ಮೊದಲ ಪಂಕ್ತಿಯಲ್ಲಿ ಕೂತರು. ಕೈ ತೊಳೆಯುವಾಗ ಮದುವೆ ಯಾರದೆಂದು ನನ್ನನ್ನು ಕೇಳಿದರು, ನಾನು ಸತ್ಯ ಹೇಳಿದೆ. ಪುಸ್ತಕದ ಜೋಡಿ ಭಾವ, ಬಹಳ ವರ್ಷ ಕಾದಿದ್ದರು ಎಂದೆ. ಅವರು ನಗಲಿಲ್ಲ. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಅಂತ ಹೇಳವ್ವ ಅವಳಿಗೆ ಎಂದರು. ನಾನು ಒಳಗೆ ಹೋಗಿ, ಭಾವನಿಗೆ ಊಟ ಬಹಳ ರುಚಿಸಿತಂತೆ ಎಂದೆ. ಅಕ್ಕ ಹೂಂಗುಟ್ಟಿದಳು. ಮುಂದಿನ ಹಬ್ಬಕ್ಕೆ ಅವರು ಬಂದಾಗ ಸಾರಿಗೆ ಒಂದು ಕಲ್ಲು ಉಪ್ಪು ಜಾಸ್ತಿ ಬಿದ್ದಿತ್ತು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಫೂಲಿಷ್ ಹೆಂಗಸು ನಾನು.

ಹಲವು ವರ್ಷಗಳ ನಂತರ ಇನ್ನೊಂದು ಪುಸ್ತಕ ಬಂತು. ಅಕ್ಕನಿಗೆ ಓದಿ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದೆ. ಯಾರೋ ಮಾಯಾವಿ ಕಾಲವನ್ನು ಹಿಂದಕ್ಕೆ ತಿರುಗಿಸಿಬಿಟ್ಟಿದ್ದ. ಗಾಳೀರಾಯ ಮಿಂಚಮ್ಮರ ಮದುವೆ ನಡೆದೇ ಇಲ್ಲ! ಕಡೆಯ ಪುಟದಲ್ಲಿ ಇಬ್ಬರೂ ಒಂದೇ ಫುಟ್‌ಪಾತಿನಲ್ಲಿ ಗುರುತು ಸಿಗದವರಂತೆ ದಾಟಿಹೋಗುತ್ತಾರೆ. ಮಾರಾಟ ಕಮ್ಮಿಯಾಯಿತೆಂದು ಮಾಡಿದರೋ ಏನೋ. ನಲವತ್ತು ಎಲೆಯ ಊಟ ಹಾಕಿದವಳನ್ನು ಒಂದು ಮಾತು ಕೇಳಬಾರದಿತ್ತೇ?

ಅಕ್ಕ ಮೊರದಿಂದ ತಲೆಯೆತ್ತಿ ಮುಂದೇನು ಎಂದಳು. ಆ ಮುಖ ನೋಡಿ ನನಗೆ ಹೇಳಲಾಗಲಿಲ್ಲ. ಇಬ್ಬರಿಗೂ ಬೇರೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಗಿದೆ ಅಕ್ಕ ಎಂದೆ. ಗಾಳಿಯ ಮೇಲೆ ಹಾರುವವನಿಗೆ ಟ್ರಾನ್ಸ್‌ಫರ್! ಅಕ್ಕ ಪುಟದ ಮೇಲೆ ಬಗ್ಗಿ ನೋಡಿ, ಸರ್ಕಾರದ ಕೆಲಸ ಅಂದರೆ ಅಷ್ಟೇ ಎಂದು ಮತ್ತೆ ರಾಗಿಗೆ ಕೈ ಹಾಕಿದಳು. ಅಲ್ಲಿಂದ ಮುಂದೆ ನಾನು ಓದಿದ್ದೆಲ್ಲ ಸುಳ್ಳು. ಇವಳು ಅವನಿಗೆ ಕಾಗದ ಬರೆದಳು, ಅವನು ಇವಳಿಗೆ ಫೋನ್ ಮಾಡಿದ, ರಜೆ ಸಿಕ್ಕಲಿಲ್ಲವಂತೆ. ಹೀಗೆ ಹದಿನೈದು ವರ್ಷ ನಾನೇ ಅವರ ಸಂಸಾರ ನಡೆಸಿದೆ. ಈಚೆಗೆ ನನ್ನ ಮೊಮ್ಮಗಳು ಮೊಬೈಲಿನಲ್ಲೇ ಹೊಸ ಕಾಮಿಕ್ಸ್ ತೋರಿಸಲು ಹೋದರೆ ಅಕ್ಕ ಒಪ್ಪಲಿಲ್ಲ. ಗಾಜಿನ ಮೇಲೆ ಏನು ಇಟ್ಟರೂ ನಿಲ್ಲುವುದಿಲ್ಲ ಎಂದಳು. ಏನು ಇಡಬೇಕಿತ್ತು ಇವಳಿಗೆ ಎಂದು ನಾವು ಕೇಳಲಿಲ್ಲ.

ಹೋದ ತಿಂಗಳು ಮಳವಳ್ಳಿಯಿಂದ ಸುದ್ದಿ ಬಂತು. ಭಾವನವರಿಗೆ ಕಣ್ಣು ಪೂರಾ ಮಂಜಾಗಿದೆ, ಮುದ್ದೆಗೆ ಹಿಟ್ಟು ತೊಳಸುವಾಗ ಕೈ ಸುಟ್ಟುಕೊಂಡಿದ್ದಾರೆ. ನಾನೇ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮಾತು ಇಷ್ಟೇ.

“ಅವ್ಳಿಗೆ ಯೋಳವ್ವ, ಬರಾದೇನೂ ಬ್ಯಾಡ. ನನ್ಗೇನೂ ಆಗಿಲ್ಲ.”

ಫೋನಿಟ್ಟು ತಿರುಗಿದೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ಎಂಬತ್ತೈದು ದಾಟಿದ ಕೈ, ಆದರೂ ಒಂದು ದಂಟು ಅತ್ತಿತ್ತ ಬೀಳದು. ನಾನು ಅಡ್ಡಾದಿಡ್ಡಿ ಸುಳ್ಳು ಹೇಳಿದವಳು, ಇದೊಂದು ಹೇಳಲಾರೆನೇ? ಭಾವ ಕರೀತಿದ್ದಾರೆ ಅಕ್ಕ, ನಿಮ್ಮನ್ನು ಬಾ ಅಂದರು ಎಂದೆ.

“ಇನ್ನೊಂದ್ಸಲ ಯೋಳು.”

ಹೇಳಿದೆ. ಅವಳು ಸೊಪ್ಪು ಪಕ್ಕಕ್ಕಿಟ್ಟಳು.

“ಆ ಮನುಸ ಕರ್ಯಾಕಿಲ್ಲ ಕಣಮ್ಮಿ. ಬರಬ್ಯಾಡ ಅಂದಿರ್ತದೆ. ನೀನು ಓದಿ ಯೋಳಿದ್ದೆಲ್ಲ ನಾನು ನಿಜ ಅನ್ಕಂಡಿದ್ನಾ?”

ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಪೆಟ್ಟಿಗೆಯ ಬೀಗ ತೆಗೆದಳು. ಎಲ್ಲ ಪುಸ್ತಕಗಳೂ ಅಲ್ಲಿದ್ದವು, ಸಾಲಾಗಿ. ಆ ಟ್ರಾನ್ಸ್‌ಫರ್ ಪುಸ್ತಕವನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. ತೆರೆದೆ. ಒಂದೊಂದು ಚೌಕದಲ್ಲೂ ಮಿಂಚಮ್ಮನ ಹಣೆಗೆ ಕುಂಕುಮ. ಕತ್ತಿನಲ್ಲಿ ಕಾಡಿಗೆಯಿಂದ ಎಳೆದ ಸಣ್ಣ ಕರಿಮಣಿ ಸರ. ಮುಂದಿನ ಪುಸ್ತಕದಲ್ಲೂ ಹಾಗೇ, ಅದರ ಮುಂದಿನದರಲ್ಲೂ. ಕಡೆಯ ಪುಟದ ಫುಟ್‌ಪಾತಿನಲ್ಲಿ, ಗುರುತಿಲ್ಲದೆ ನಡೆದುಹೋಗುವವಳ ಹಣೆಯಲ್ಲೂ ಸಾಸಿವೆ ಕಾಳಿನಷ್ಟು ಕೆಂಪು.

“ಉಂಗ್ರ ಇರ್ನಿಲ್ಲ ಬೆರ್ಳಲ್ಲಿ, ಆವತ್ತೇ ನೋಡ್ದೆ. ಅವ್ರು ಅಳ್ಸುದ್ರು, ನಾನು ಇಟ್ಟೆ. ಟ್ರಾನ್ಸ್‌ಫರ್ ಅನ್ವಾಗ ನಿನ್ ದನಿ ನಡುಗ್ತಿತ್ತು. ಈ ಹೆಣ್ಮಗ ಸಂಕ್ಟ ಪಡ್ತದೆ, ಇರ್ಲಿ ಬುಡು ಅಂತ ಸುಮ್ಕಿದ್ದೆ.”

ಎಪ್ಪತ್ತೈದರ ಹೆಂಗಸು ಮಗುವಿನ ಹಾಗೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅಕ್ಕ ಎರಡು ಸೀರೆ ಮಡಚಿ ಬ್ಯಾಗಿಗೆ ಹಾಕುತ್ತಿದ್ದಳು.

“ಅವರು ಕರೆದಿಲ್ಲವಲ್ಲ ಅಕ್ಕ,” ಎಂದೆ, ಕೊನೆಗೆ ನಿಜ ಹೇಳುವ ಧೈರ್ಯ ಮಾಡಿ.

“ಕರೀನಿಲ್ಲ. ನಾನೇ ಓಯ್ತೀನಿ.”

ಮಾರನೆಯ ಬೆಳಿಗ್ಗೆ ಮಳವಳ್ಳಿ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಬ್ಯಾಗಿನ ಮೇಲೆ ಆ ಟ್ರಾನ್ಸ್‌ಫರ್ ಪುಸ್ತಕ, ಅದರ ಮೇಲೆ ಅವಳ ಎರಡು ಕೈ. ಭಾವ ಜಗುಲಿಯಲ್ಲಿ ಕೂತಿದ್ದರು, ಬಲಗೈಗೆ ಬಟ್ಟೆ ಸುತ್ತಿಕೊಂಡು. ಹೆಜ್ಜೆಯ ಸದ್ದಿಗೆ ಮುಖವೆತ್ತಿ ಯಾರು ಎಂದರು. ನನ್ನ ದನಿ ಕೇಳಿ, ಜೊತೆಗೆ ಯಾರಿದ್ದಾರವ್ವ ಎಂದರು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ. ಅಕ್ಕ ನನ್ನ ಕೈ ಅದುಮಿದಳು.

“ನಾನು ಕಣಿ,” ಎಂದಳು.

ಭಾವ ಗೋಡೆಯ ಕಡೆಗೆ ಸ್ವಲ್ಪ ಸರಿದು ಜಾಗ ಮಾಡಿದರು.

ನಾನು ಕಾಫಿ ಕಾಯಿಸಲು ಒಳಗೆ ಹೋದೆ. ಅಲ್ಲಿ ಟ್ರಾನ್ಸ್‌ಲೇಟರಿಗೆ ಇನ್ನು ಕೆಲಸವಿರಲಿಲ್ಲ. ಹಾಲು ಉಕ್ಕುವುದನ್ನು ಕಾಯುತ್ತ ನಿಂತಿದ್ದಾಗ ಹೊರಗಿನಿಂದ ಹಾಳೆ ಮಗುಚುವ ಸದ್ದು ಕೇಳಿತು. ಕಣ್ಣು ಕಾಣದವರಿಗೆ, ಓದು ಬಾರದವಳು ಇಂಗ್ಲಿಷ್ ಪುಸ್ತಕ ಓದಿ ಹೇಳುತ್ತಿದ್ದಳು.

“ಇವ್ನ್ಗೆ ದೂರದ್ ಊರ್ಗೆ ಟ್ರಾನ್ಸ್‌ಫರ್ ಆಗಿತ್ತು ಕಣಿ. ಬಾಳ ವರ್ಸ. ಇವ್ನು ಕರೀನಿಲ್ಲ, ಇವ್ಳು ಓಗ್ನಿಲ್ಲ.”

“ಆಮ್ಯಾಲೆ?” ಎಂದರು ಭಾವ. ನನ್ನನ್ನಲ್ಲ, ಅವಳನ್ನೇ.