ಎಮ್ಮೆ ನೋಡುವ ಕಣ್ಣಿನಿಂದ ವಿಡಿಯೋ ಗೇಮ್ ನೋಡಿದ್ದು

ನನಗೆ ತೋರಿಸದೆ ನಮ್ಮ ಊರಿನಲ್ಲಿ ಯಾರೂ ಎಮ್ಮೆ ಕೊಳ್ಳುವುದಿಲ್ಲ. ಇದು ಜಂಬವಲ್ಲ, ಇದ್ದ ಮಾತು. ಸುತ್ತಲಿನ ಹಳ್ಳಿಗಳಾದ ಉಗಾರದವರು, ಅನಂತಪುರದವರು ಕೂಡ ಮೋಟಾರ್ ಸೈಕಲ್ ತಂದು ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ನಾನು ಹಲ್ಲು ನೋಡುತ್ತೇನೆ, ಕೆಚ್ಚಲು ಮುಟ್ಟುತ್ತೇನೆ, ಮೈಮೇಲಿನ ಕೂದಲಿನ ಸುಳಿ ನೋಡುತ್ತೇನೆ. ಹೂಂ ಅನ್ನುತ್ತೇನೆ, ಇಲ್ಲವೇ ಊಹೂಂ ಅನ್ನುತ್ತೇನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಶಾಲೆಯ ಮೆಟ್ಟಿಲು ನಾನು ಹತ್ತಿದ್ದು ತಡವಾಗಿ, ಇಳಿದದ್ದು ಬೇಗ. ಆದರೆ ಎಮ್ಮೆ ಓದಲು ಅಕ್ಷರ ಬೇಕಿಲ್ಲ. ಹೀಗಿರುವಾಗ ಒಂದು ವಿಡಿಯೋ ಗೇಮ್ ಕೊಳ್ಳಬೇಕೋ ಬೇಡವೋ ಎಂದು ಹೇಳುವುದು ನನಗೆ ಯಾವ ದೊಡ್ಡ ಮಾತು?

ಗೇಮ್ ಬೇಕಾಗಿದ್ದದ್ದು ನನ್ನ ಸೊಸೆ ಸುಜಾತಾಳಿಗೆ. ನಿಪ್ಪಾಣಿಯ ಹುಡುಗಿ, ಸೊಸೈಟಿಯಲ್ಲಿ ನೌಕರಿ. ವಾರವೆಲ್ಲ ಕೌಂಟರಿನಲ್ಲಿ ಕೂತು ಜನರ ಬಾಯಿ ಕೇಳಿಸಿಕೊಂಡು, ರವಿವಾರ ಮಧ್ಯಾಹ್ನ ಕಂಪ್ಯೂಟರಿಗೆ ಟಿವಿ ಜೋಡಿಸಿ, ಗುಂಡಿಗಳ ರಿಮೋಟ್ ಹಿಡಿದು ರಾಕ್ಷಸರನ್ನು ಕಡಿಯುತ್ತಾಳೆ. ನನಗೆ ಅದರಲ್ಲಿ ತಕರಾರಿಲ್ಲ. ಬೇರೆಯವರ ಸೊಸೆಯರು ಧಾರಾವಾಹಿ ನೋಡಿ ಅತ್ತು, ಆ ಸಿಟ್ಟನ್ನು ರೊಟ್ಟಿಯ ಹಿಟ್ಟಿನ ಮೇಲೆ ತೀರಿಸುತ್ತಾರೆ. ನನ್ನವಳು ರಾಕ್ಷಸರ ಮೇಲೆ ತೀರಿಸಿ ಬರುತ್ತಾಳೆ. ರೊಟ್ಟಿ ಮೆತ್ತಗಿರುತ್ತವೆ.

ಈಗ ಹೊಸದೊಂದು ಆಟ ಬಂದಿತ್ತು. ಅದರಲ್ಲಿ ನೀವು ಮೊದಲು ಒಬ್ಬ ಮನುಷ್ಯನನ್ನೋ ಮನುಷ್ಯಳನ್ನೋ ಮಾಡಿಕೊಳ್ಳಬೇಕಂತೆ. ಆಮೇಲೆ ಕತ್ತಿ, ಕುದುರೆ, ಮಂತ್ರ ಎಲ್ಲ ಕೊಟ್ಟು, ಕಾಡುಮೇಡು ತಿರುಗಿಸಿ, ಹೊಡೆದಾಡಿಸಿ, ದೊಡ್ಡವಳನ್ನಾಗಿ ಮಾಡಬೇಕಂತೆ. ಅದು ಬರುತ್ತದೆ ಎಂಬ ಸುದ್ದಿ ಹುಟ್ಟಿದಾಗಿನಿಂದ ಸುಜಾತಾ ಕಾಯುತ್ತಿದ್ದಳು. ಬೆಲೆ ಮಾತ್ರ ಒಂದು ಒಳ್ಳೆಯ ಇಳಕಲ್ ಸೀರೆಯಷ್ಟು. ನನ್ನ ಮಗ ಮಲ್ಲಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವವ. ಅವನಿಗೆ ಎಲ್ಲವೂ ಭಾರವಾಗಿಯೇ ಕಾಣುತ್ತದೆ. ಮನೆಯಲ್ಲಿದ್ದ ಹಳೆಯ ಆಟವೇ ಇನ್ನೂ ಮುಗಿದಿಲ್ಲವಲ್ಲ ಎಂಬುದು ಅವನ ವಾದ. ಪಡಸಾಲೆಯಲ್ಲಿ ಟವೆಲು ಒಣಹಾಕಲು ಬಳಸುತ್ತಿರುವ ವ್ಯಾಯಾಮದ ಸೈಕಲ್ಲನ್ನು ಮನೆಗೆ ತಂದವರು ಯಾರು ಎಂಬುದು ಅವಳ ವಾದ. ಎರಡೂ ಗಟ್ಟಿ ವಾದಗಳೇ. ಊಟ ಆರುತ್ತಿತ್ತು.

ಕೊನೆಗೆ ಮಗ ನನ್ನ ಕಡೆ ತಿರುಗಿದ.

"ಅವ್ವಾ, ನೀನ ಹೇಳಿಬಿಡು. ನೀ ಹೂಂ ಅಂದ್ರ ಇರ್ಲಿ. ಊಹೂಂ ಅಂದ್ರ ಈ ಮಾತು ಇಲ್ಲಿಗೇ ಬಂದ್."

ಸುಜಾತಾ, "ಆಗ್ಲಿರಿ. ಅತ್ತಿ ಹೇಳಿದ್ದ ಕಡೀ ಮಾತು. ಮತ್ತ ನಾ ಕೇಳೂದಿಲ್ಲ," ಎಂದಳು.

ಹಾಗೆ ಹೇಳುವಾಗ ಅವಳ ಮುಖ ಪರೀಕ್ಷೆಯ ನಿಕಾಲು ಕಾಯುವವರ ಹಾಗೆ ಸಣ್ಣಗಾಗಿತ್ತು. ಆ ಮುಖ ನೋಡಿ ಕರಗುವವಳು ನಾನಲ್ಲ. ಎಮ್ಮೆ ಮಾರುವವರೂ ಅಂಥದೇ ಮುಖ ಮಾಡುತ್ತಾರೆ.

ನಾನು ವಿಧಿಪೂರ್ವಕವಾಗಿ ತನಿಖೆ ಆರಂಭಿಸಿದೆ. ಆ ಆಟದ ಬಗ್ಗೆ ಜನ ಏನನ್ನುತ್ತಾರೆ ಎಂದು ಕೇಳಿದೆ. ಸುಜಾತಾ ಫೋನಿನಲ್ಲಿ ಓದಿ ಹೇಳಿದಳು. ಒಬ್ಬ ಇಂಥ ಆಟ ಇನ್ನು ಹುಟ್ಟುವುದಿಲ್ಲ ಎಂದಿದ್ದ. ಇನ್ನೊಬ್ಬ ಇದನ್ನು ಮಾಡಿದವರಿಗೆ ಒಳ್ಳೆಯದಾಗುವುದಿಲ್ಲ ಎಂದಿದ್ದ. ಸಂತೆಯಲ್ಲೂ ಇದೇ ಕತೆ. ಕೊಂಡು ಗೆದ್ದವನು ಹೊಗಳುತ್ತಾನೆ, ಒದೆ ತಿಂದವನು ಬೈಯುತ್ತಾನೆ, ಇಬ್ಬರನ್ನೂ ನಂಬಬಾರದು. ಆಮೇಲೆ ಆಟದವರೇ ಮಾಡಿದ ಜಾಹೀರಾತಿನ ಚಿತ್ರ ತೋರಿಸಿದಳು. ಬೆಂಕಿ, ಮಿಂಚು, ಹಾರುವ ಕೋಟೆ, ನಗಾರಿಯ ಸದ್ದು. ನನಗೆ ಕೂಡಲೇ ಗೊತ್ತಾಯಿತು. ದಲಾಲಿಗಳು ಸಂತೆಯ ಹಿಂದಿನ ದಿನ ಹಾಲು ಹಿಂಡದೆ ಬಿಟ್ಟು, ಕೆಚ್ಚಲು ತುಂಬಿಸಿ, ಕೊಂಬಿಗೆ ಎಣ್ಣೆ ಸವರಿ ತಂದು ನಿಲ್ಲಿಸುತ್ತಾರಲ್ಲ, ಇದೂ ಅದೇ!

ಅಂಥ ಎಮ್ಮೆಗೆ ನಮ್ಮ ಕಡೆ ಒಂದೇ ಮದ್ದು. ಎರಡು ಹೊತ್ತು ಹಿಂಡಿ ನೋಡಬೇಕು. ಹಾಲು ಹೇಳಿದಷ್ಟು ಬಂದರೆ ಎಮ್ಮೆ ನಮ್ಮದು, ಇಲ್ಲವಾದರೆ ಹಗ್ಗ ಬಿಚ್ಚಿ ವಾಪಸ್. ಆಟಕ್ಕೆ ಇಂಥ ಏರ್ಪಾಡು ಎಲ್ಲಿರುತ್ತದೆ ಎಂದು ನಾನು ನಗುತ್ತ ಕೇಳಿದೆ. ಇದೆ ಎಂದಳು ಸುಜಾತಾ! ಕೊಂಡ ಮೇಲೆ ಎರಡು ತಾಸು ಆಡುವುದರೊಳಗೆ ಬೇಡ ಎನಿಸಿದರೆ ಗುಂಡಿ ಒತ್ತಿ ತಿರುಗಿ ಕೊಡಬಹುದಂತೆ, ದುಡ್ಡು ಪೂರ್ತಿ ವಾಪಸ್ ಬರುತ್ತದಂತೆ. ಈ ಕಾನೂನು ಮಾಡಿದವನು ಎಲ್ಲಿಯವನೋ ತಿಳಿಯದು. ಅವನ ಅವ್ವ ಮಾತ್ರ ಎಮ್ಮೆ ಕಟ್ಟಿದವಳೇ ಇರಬೇಕು.

ಆ ಎರಡು ತಾಸಿನ ಬಗ್ಗೆ ಸುಜಾತಾ ಇನ್ನೂ ಏನೋ ಬಿಡಿಸಿ ಹೇಳತೊಡಗಿದಳು. ನಿಯಮ ತಿಳಿದವರಿಗೆ ನಿಯಮ ಹೇಳಬಾರದು ಎಂದು ನಾನು ಕೈ ಎತ್ತಿ ನಿಲ್ಲಿಸಿದೆ. ತಿರುಗಿ ನಾನೇ ಅವಳಿಗೆ ನಿಯಮ ಹೇಳಿದೆ. ಹಿಂಡುವವರು ನೋಡಲು ಬಂದವರೇ ಆಗಬೇಕು. ನಡುವೆ ಬೇರೆ ಕೈ ಬೀಳಬಾರದು. ಆದ್ದರಿಂದ ಆಟ ಆಡುವವಳು ನಾನು.

ಮಗ ನೀರು ಕುಡಿಯುತ್ತಿದ್ದ. ಅದು ಮೂಗಿನಿಂದ ಬಂತು.

ರವಿವಾರ ಬಂತು. ಮಗ ಕಾರ್ಖಾನೆಗೆ ಹೋಗಿದ್ದ. ಆಟ ಕೊಂಡದ್ದಾಯಿತು, ಟಿವಿಯ ಮುಂದೆ ನನಗೆ ಮಣೆ ಹಾಕಿದ್ದಾಯಿತು. ಪಕ್ಕದ ಮನೆಯ ಅಕ್ಕಾತಾಯಿ ಸುದ್ದಿ ತಿಳಿದು ಶೇಂಗಾ ಹಿಡಿದುಕೊಂಡೇ ಬಂದು ಕೂತಳು. ಅವಳು ಯಾರ ಮನೆಯ ಜಗಳಕ್ಕೂ ಬರಿಗೈಯಲ್ಲಿ ಹೋಗುವವಳಲ್ಲ.

ಮೊದಲು ನಮ್ಮ ಹೆಣ್ಣುಮಗಳನ್ನು ತಯಾರು ಮಾಡಬೇಕಿತ್ತು. ಆಟದವರು ಒಬ್ಬ ಬಳುಕುವ ಹುಡುಗಿಯನ್ನು ಮುಂದೆ ನಿಲ್ಲಿಸಿದ್ದರು. ಇವಳಿಂದ ಒಂದು ಕೊಡ ನೀರೂ ಬರುವುದಿಲ್ಲ, ರಾಕ್ಷಸರ ಮಾತು ಬಿಡು ಎಂದೆ. ಸುಜಾತಾ ಹೇಳಿದ ಹಾಗೆ ಒಂದೊಂದೇ ಗುಂಡಿ ಒತ್ತಿ ಸೊಂಟ ಗಟ್ಟಿ ಮಾಡಿದೆ, ಭುಜ ಅಗಲ ಮಾಡಿದೆ, ತಲೆಗೆ ಬಿಳಿ ಕೂದಲು ಹಾಕಿದೆ. ಮೂಗು ಹೊಂದಲಿಲ್ಲ. ಮೂಗಿಗೇ ಬಹಳ ಹೊತ್ತು ಹಿಡಿಯಿತು. ಅಕ್ಕಾತಾಯಿ ದೊಡ್ಡದು ಮಾಡು ಎನ್ನುವಳು, ನಾನು ಸಣ್ಣದು ಮಾಡುವೆ. ಕೊನೆಗೆ ಹಲ್ಲು ನೋಡೋಣವೆಂದರೆ ಅವಳು ಬಾಯಿಯೇ ತೆರೆಯಲಿಲ್ಲ. ಹಲ್ಲು ತೋರಿಸದ ಮಾಲು ನಾನು ಜನ್ಮದಲ್ಲಿ ಕೊಂಡಿಲ್ಲ. ಆದರೂ ಮುಂದುವರಿದೆ.

ಕಾಡಿನಲ್ಲಿ ಆಟ ಶುರುವಾಯಿತು. ರಾಜ ಸತ್ತಿದ್ದಾನೆ, ಕತ್ತಿ ಮುರಿದಿದೆ, ಲೋಕಕ್ಕೆ ಕತ್ತಲು ಕವಿದಿದೆ ಎಂದು ಸುಜಾತಾ ಇಂಗ್ಲಿಷನ್ನು ಕನ್ನಡ ಮಾಡಿ ಹೇಳಿದಳು. ನಾಲ್ಕು ಹೆಜ್ಜೆ ನಡೆಯುವುದರಲ್ಲಿ ನನ್ನ ಮುದುಕಿ ಕೆರೆಗೆ ಬಿದ್ದು ಸತ್ತಳು. ಮತ್ತೆ ಹುಟ್ಟಿ ಬಂದಳು. ದಾರಿಯಲ್ಲಿ ಗಡ್ಡದವನೊಬ್ಬ ಎದುರಾದ. ಅವನಿಗೆ ತಲೆಬಾಗಲು ಯಾವ ಗುಂಡಿ ಎಂದು ಸುಜಾತಾ ತೋರಿಸಿದಳು. ನಾನು ಒತ್ತಿದ್ದು ಅದರ ಪಕ್ಕದ್ದನ್ನು. ಮುದುಕಿ ಕತ್ತಿ ಎತ್ತಿ ಅವನನ್ನು ಒಂದೇ ಏಟಿಗೆ ಮಲಗಿಸಿದಳು. ನಮಸ್ಕಾರ ಮತ್ತು ಕೊಲೆಯನ್ನು ಅಷ್ಟು ಹತ್ತಿರ ಇಡುತ್ತಾರೆಯೇ!

"ಯಾರವ?" ಎಂದೆ.

"ದಾರಿ ತೋರ್ಸೋ ಸಾಧು ಇದ್ದನ್ರಿ," ಎಂದಳು ಸುಜಾತಾ, ಸಣ್ಣ ದನಿಯಲ್ಲಿ. "ಇನ್ನ ಮ್ಯಾಲ ನಮಗ ದಾರಿ ಹೇಳೋರು ಯಾರೂ ಇಲ್ರಿ ಅತ್ತಿ."

"ಏನ ಗಂಗಕ್ಕ, ಸಾಧೂನ್ನ ಕಡದಿ. ಈ ಪಾಪ ಯಾ ಹೊಳಿಯಾಗ ತೊಳ್ಕೊಂತಿ?" ಎಂದಳು ಅಕ್ಕಾತಾಯಿ, ಶೇಂಗಾ ಸುಲಿಯುತ್ತ.

ಆಟದ್ದಾದರೂ ಸಾಧು ಸಾಧುವೇ. ನಾನು ಎದ್ದು ಒಳಗೆ ಹೋಗಿ, ಕೈಕಾಲು ತೊಳೆದು, ದೇವರ ಮುಂದೆ ಊದಿನಕಡ್ಡಿ ಹಚ್ಚಿ ಬಂದೆ. ಅಷ್ಟು ಹೊತ್ತೂ ಟಿವಿಯಲ್ಲಿ ನನ್ನ ಮುದುಕಿ ಹೆಣದ ಪಕ್ಕದಲ್ಲೇ ನಿಂತಿದ್ದಳು. ನನಗೆ ಆಗಲೂ ಏನೂ ಹೊಳೆಯಲಿಲ್ಲ.

ಸಾಧುವಿಲ್ಲದೆ ಅಲೆದು ಅಲೆದು ಅಂತೂ ಒಂದು ಕುದುರೆ ಲಾಯಕ್ಕೆ ಬಂದೆವು. ಒಂದು ಕುದುರೆ ಆರಿಸಿಕೊಳ್ಳಿ ಎಂದರು. ಇಲ್ಲಿ ನನ್ನ ಮೈಗೆ ಬಲ ಬಂತು. ಇಷ್ಟು ಹೊತ್ತು ಅವರ ರಾಜ್ಯ, ಇದು ನನ್ನ ರಾಜ್ಯ! ಕುದುರೆ ಎಮ್ಮೆಯಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೂ ನಾಲ್ಕು ಕಾಲು. ಬಿಳಿಯದೊಂದು, ಕಂದು ಬಣ್ಣದ್ದೊಂದು ನಿಂತಿದ್ದವು. ಸುಜಾತಾಳ ಕಣ್ಣು ಬಿಳಿಯದರ ಮೇಲಿತ್ತು. ನಾನು ಟಿವಿಯ ಹತ್ತಿರ ಮಣೆ ಎಳೆದುಕೊಂಡು ಕೂತು ಪರೀಕ್ಷಿಸಿದೆ. ಕಾಲು ಸರಿ, ಎದೆ ಸರಿ. ಆದರೆ ಬಲಗಣ್ಣಿನ ಕೆಳಗೆ ಕರಿಯ ಸುಳಿ! ಕಣ್ಣಿನ ಕೆಳಗೆ ಸುಳಿ ಇರುವ ಪ್ರಾಣಿ ಮನೆಗೆ ಕಣ್ಣೀರು ತರುತ್ತದೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಅದನ್ನು ತಿರಸ್ಕರಿಸಿ ಕಂದು ಕುದುರೆಯನ್ನು ಹಿಡಿದೆ.

"ಅದು ಹೇರು ಹೊರೋ ಕುದುರಿ ಐತ್ರಿ ಅತ್ತಿ. ಓಡೂದಿಲ್ಲ," ಎಂದಳು ಸುಜಾತಾ.

"ಹೊಟ್ಟಿ ನೋಡು. ತಿಂದದ್ದು ಮೈಗೆ ಹತ್ತೈತಿ. ನೀ ಸುಮ್ಮ ಕುಂದ್ರು."

ಮುಂದಿನ ಬಯಲಿನಲ್ಲಿ ರೆಕ್ಕೆಯ ದೊಡ್ಡ ಹಾವೊಂದು ಬಾಯಿಂದ ಬೆಂಕಿ ಕಾರುತ್ತ ಇಳಿಯಿತು. ಓಡಬೇಕಿತ್ತು. ನನ್ನ ಕುದುರೆ ನಿಂತು ಹುಲ್ಲು ಮೇಯತೊಡಗಿತು. ಮೇಯುವ ಜೀವವನ್ನು ಎಬ್ಬಿಸುವುದು ನನ್ನ ಕೈಯಿಂದಾಗುವುದಿಲ್ಲ, ನಾನೂ ಬಿಟ್ಟೆ. ಇಬ್ಬರೂ ಸುಟ್ಟು ಬೂದಿಯಾದೆವು. ಮತ್ತೆ ಹುಟ್ಟಿದೆವು, ಅದೇ ಬಯಲಿನಲ್ಲಿ, ಅದೇ ಹುಲ್ಲಿನ ಮುಂದೆ! ಹಾಗೆ ಎಷ್ಟು ಜನ್ಮ ಕಳೆದೆನೋ, ಲೆಕ್ಕ ಇಟ್ಟವಳು ಅಕ್ಕಾತಾಯಿ. ಕೇಳಬೇಕೆಂದರೆ ಅವಳನ್ನೇ ಕೇಳಿ, ಓಣಿಗೆಲ್ಲ ಹೇಳಿದ್ದಾಳೆ.

ಅಷ್ಟರಲ್ಲಿ ಹಿತ್ತಲಲ್ಲಿ ನನ್ನ ನಿಜವಾದ ಎಮ್ಮೆ ಕೂಗಿತು. ಸಂಜೆ ಹಿಂಡುವ ಹೊತ್ತು. ನಾನು ರಿಮೋಟನ್ನು ಮಣೆಯ ಮೇಲಿಟ್ಟು, ಬೆರಳೆತ್ತಿ ಕಡಕ್ ಆಗಿ ಹೇಳಿದೆ.

"ಇದನ್ನ ಯಾರೂ ಮುಟ್ಟಬಾರದು. ನಡುವ ಬ್ಯಾರೆ ಕೈ ಬಿದ್ರ ಪರೀಕ್ಷಾ ಕೆಡ್ತೈತಿ."

"ಮುಟ್ಟೂದಿಲ್ರಿ," ಎಂದಳು ಸುಜಾತಾ.

ಹಾಲು ಹಿಂಡಿದೆ. ನೀರು ಕುಡಿಸಿದೆ. ಮೇವು ಹಾಕಿದೆ. ಡೇರಿಗೆ ಹಾಲು ಕೊಟ್ಟು, ಅಲ್ಲಿ ನಿಂತಿದ್ದವರಿಗೆ ಸಾಧು ಸತ್ತ ಸುದ್ದಿ ಹೇಳಿ ಬಂದೆ. ದಾರಿಯಲ್ಲಿ ತೀರ್ಪನ್ನು ಮನಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದೆ. ಮನೆಗೆ ಬಂದಾಗ ಮಗನೂ ಬಂದು ಕೂತಿದ್ದ. ಸುಜಾತಾ ಒಗ್ಗರಣೆಗೆ ಬಳ್ಳೊಳ್ಳಿ ಸುಲಿಯುತ್ತಿದ್ದಳು. ಟಿವಿಯಲ್ಲಿ ನನ್ನ ಮುದುಕಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು, ಕುದುರೆ ಮೇಯುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು, ಕಂಬಕ್ಕೆ ಒರಗಿ ಕೂತು, ಪಂಚರ ಸಮಕ್ಷಮದಲ್ಲಿ ತೀರ್ಪು ಕೊಟ್ಟೆ. ಚಿತ್ರ ಚಂದ ಇದೆ, ಬಣ್ಣ ಚಂದ ಇದೆ. ಆದರೆ ಹಲ್ಲು ತೋರಿಸುವುದಿಲ್ಲ, ಸಾಧುವಿಗೆ ರಕ್ಷಣೆ ಇಲ್ಲ, ಕುದುರೆ ಓಡುವುದಿಲ್ಲ. ಆದ್ದರಿಂದ ಊಹೂಂ. ತಿರುಗಿ ಕೊಟ್ಟುಬಿಡು.

ಸುಜಾತಾ ಬಳ್ಳೊಳ್ಳಿಯಿಂದ ಕಣ್ಣೆತ್ತಲಿಲ್ಲ.

"ಎರಡು ತಾಸು ಮುಗದು ಹೋಗ್ಯಾವ್ರಿ ಅತ್ತಿ."

"ಹೆಂಗ? ನಾ ಆಟ ಎಲ್ಲಿ ಆಡಾಕತ್ತಿದ್ದೆ? ಎಮ್ಮಿ ಹಿಂಡಾಕತ್ತಿದ್ದೆ."

"ಆಟ ಚಾಲೂನ ಇತ್ತಲ್ರಿ. ಅದಕ್ಕ ಎಮ್ಮಿ ಗೊತ್ತಾಗೂದಿಲ್ಲ. ಅದನ್ನ ಅವತ್ತ ಹೇಳಾಕ ಬಂದಿದ್ದೆ, ನೀವು ಕೈ ಎತ್ತಿದ್ರಿ."

"ಮತ್ತ ನೀನರ ಬಂದ್ ಮಾಡಬೇಕಿಲ್ಲೇನು?"

"ಯಾರೂ ಮುಟ್ಟಬಾರದು ಅಂದಿದ್ರಲ್ರಿ."

ಮಗ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಅವ್ವಾ, ಮದುವ್ಯಾದಾಗಿಂದ ಇಕಿ ನಿನ್ನ ಮಾತು ಇಷ್ಟು ಚಂದ ಕೇಳಿದ್ದು ನಾ ಇವತ್ತ ನೋಡಿದೆ," ಎಂದ.

ನಾನು ಸೊಸೆಯ ಮುಖವನ್ನು ದಿಟ್ಟಿಸಿ ನೋಡಿದೆ. ಒದೆಯುವ ಎಮ್ಮೆಯ ಬುದ್ಧಿಯನ್ನು ಅದರ ಕಿವಿ ನೋಡಿ ಹೇಳುವವಳು ನಾನು. ಆ ಮುಖದಲ್ಲಿ ಏನೂ ಓದಲಾಗಲಿಲ್ಲ. ಬಳ್ಳೊಳ್ಳಿ ಸುಲಿಯುವ ಮುಖ, ಅಷ್ಟೇ.

ಹಿಂಡಿ ನೋಡುವ ಹೊತ್ತು ಮುಗಿದ ಮೇಲೆ ಎಮ್ಮೆ ಕಟ್ಟಿಕೊಂಡವರದು. ಇದು ನಾನೇ ಊರಿಗೆಲ್ಲ ಹೇಳಿಕೊಂಡು ಬಂದ ಕಾನೂನು. ಆಟ ಮನೆಯಲ್ಲಿ ಉಳಿಯಿತು. ಮಗ ಎದ್ದು ಚಹಾ ಮಾಡಿದ. ಸೋತಾಗ ಅವನು ಒಳ್ಳೆಯ ಚಹಾ ಮಾಡುತ್ತಾನೆ. ಸುಜಾತಾ ಕೈ ತೊಳೆದು ಬಂದು, ಹೊಸ ಹೆಣ್ಣುಮಗಳೊಬ್ಬಳನ್ನು ತಯಾರು ಮಾಡಿ, ಗಡ್ಡದವನಿಗೆ ಸರಿಯಾಗಿ ತಲೆಬಾಗಿ, ಅವನು ಹೇಳಿದ ದಾರಿಯಲ್ಲಿ ನೇರ ಲಾಯಕ್ಕೆ ಹೋದಳು. ಅಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಯಾವ ಕುದುರಿ ಹಿಡೀಲ್ರಿ ಅತ್ತಿ?"

ಅಣಕಿಸಿ ಕೇಳಿದ್ದರೆ ಬೈದು ಹಗುರಾಗುತ್ತಿದ್ದೆ. ಅವಳು ಮರ್ಯಾದೆಯಿಂದಲೇ ಕೇಳಿದ್ದಳು. ಮನೆಗೆ ಹೊರಟು ಹೊಸ್ತಿಲವರೆಗೆ ಹೋಗಿದ್ದ ಅಕ್ಕಾತಾಯಿ ತಿರುಗಿ ಬಂದು ಕೂತಳು.

"ಬಿಳೀದು ಹಿಡಿ," ಎಂದೆ.

ಬಿಳಿ ಕುದುರೆ ಗಾಳಿಯ ಹಾಗೆ ಓಡಿತು. ಬೆಂಕಿಯ ಹಾವು ಎಲ್ಲೋ ಹಿಂದೆ ಉಳಿಯಿತು. ಸುಜಾತಾ ಮಣೆಯ ಮೇಲೆ ಮುಂದಕ್ಕೆ ಬಾಗಿ, ಬಾಯಿ ತೆರೆದು, ಸಣ್ಣ ಮಗುವಿನ ಹಾಗೆ ನಗುತ್ತಿದ್ದಳು. ಮಗ ಎಡಕ್ಕೆ ಹೊರಳಿಸು, ಬಲಕ್ಕೆ ಹೊರಳಿಸು ಎನ್ನುತ್ತ ಕೂತಲ್ಲೇ ಅವಳಿಗಿಂತ ಜೋರಾಗಿ ಓಡುತ್ತಿದ್ದ. ಎಲ್ಲರೂ ಕುದುರೆಯನ್ನು ನೋಡುತ್ತಿದ್ದರು. ನಾನೊಬ್ಬಳು ಸುಳಿಯನ್ನು ನೋಡುತ್ತಿದ್ದೆ.

ಕುದುರೆ ಬಯಲು ದಾಟಿತು, ಹೊಳೆ ದಾಟಿತು, ಗುಡ್ಡ ಹತ್ತಿತು. ಕಣ್ಣಿನ ಕೆಳಗಿನ ಆ ಕರಿಯ ಸುಳಿ ಮಾತ್ರ ಟಿವಿಯ ಗಾಜಿನ ಮೇಲೆ, ಮೊದಲಿದ್ದ ಜಾಗದಲ್ಲೇ ನಿಂತಿತ್ತು. ಯಾರೋ ಹೊಡೆದ ಸೊಳ್ಳೆ!

ಚಹಾದ ಬಸಿ ಕೆಳಗಿಟ್ಟು ಎದ್ದೆ. ಧೂಳು ಕೂತಿದೆ ಎನ್ನುತ್ತ ಸೆರಗಿನ ತುದಿಯಿಂದ ಅದನ್ನು ಒರೆಸಿ ತೆಗೆದು, ಬಂದು ಸುಮ್ಮನೆ ಕುಳಿತುಕೊಂಡೆ.